ಭಾವ ಲಾರಿಗೆ ಡೀಸೆಲ್ ಇಂಜಿನ್ ಹಾಕಿದ್ದು

ನಮ್ಮ ಭಾವನ ಪ್ರಕಾರ ನಿಶ್ಶಬ್ದ ಎನ್ನುವುದು ಒಂದು ರಿಪೇರಿ ಕೆಲಸ. ಎಲ್ಲಾದರೂ ಸದ್ದಿಲ್ಲ ಎಂದರೆ ಅಲ್ಲೇನೋ ಕೆಟ್ಟಿದೆ ಎಂದೇ ಅವರು ಸ್ಪ್ಯಾನರ್ ಹುಡುಕುತ್ತಾರೆ. ಇಂಥ ಮನುಷ್ಯ ಹೋಗಿ ನೆಲೆಸಿದ್ದು ಯಾವ ದೇಶದಲ್ಲಿ ಅಂತೀರಿ? ಸೀನುವ ಮೊದಲು ಅಕ್ಕಪಕ್ಕ ನೋಡಿಕೊಳ್ಳುವ ಸ್ವೀಡನ್ನಿನಲ್ಲಿ!

ಭಾವ ಎಂದರೆ ನನ್ನ ಅಕ್ಕನ ಗಂಡ. ಮೂಲ ಕುಂದಾಪುರದ ಕಡೆ. ಈಗ ಸೋಡರ್‌ಟೆಲ್ಯೆ ಎಂಬ ಪೇಟೆಯಲ್ಲಿ ಡೀಸೆಲ್ ಇಂಜಿನ್ ಪರೀಕ್ಷಿಸುವ ಉದ್ಯೋಗ. ಇಂಜಿನ್ನಿನ ಪಕ್ಕ ತಲೆ ವಾಲಿಸಿ, ಕಣ್ಣು ಮುಚ್ಚಿ ನಿಂತರೆ ಸಂಗೀತ ಕಚೇರಿಯ ಮೊದಲ ಸಾಲಿನ ಹಿರಿಯರ ಹಾಗೆ ಕಾಣುತ್ತಾರೆ. ತಾಳ ಹಾಕುವುದೊಂದು ಬಾಕಿ.

ಈ ಹುಚ್ಚು ಇವತ್ತಿನದಲ್ಲ. ಮಗಳು ಹುಟ್ಟಿದ ಹೊಸತರಲ್ಲಿ ನಿದ್ದೆಯನ್ನೇ ಮಾಡುತ್ತಿರಲಿಲ್ಲವಂತೆ. ಅಕ್ಕ ಜೋಗುಳ ಹಾಡಿ ಹಾಡಿ ಗಂಟಲು ಕಟ್ಟಿಸಿಕೊಂಡಳು. ಊರಿನಿಂದ ನಮ್ಮಮ್ಮ ಫೋನಿನಲ್ಲೇ ದೃಷ್ಟಿ ತೆಗೆದರು. ಕೊನೆಗೆ ಭಾವ ಕೂಸನ್ನು ಎದೆಗೆ ಕಟ್ಟಿಕೊಂಡು ಪೇಟೆಯ ಬಸ್ಸು ಹತ್ತಿ, ಹಿಂದಿನ ಸೀಟಿನಲ್ಲಿ, ಇಂಜಿನ್ನಿನ ನೆತ್ತಿಯ ಮೇಲೆಯೇ ಕೂತರು. ಬಸ್ಸು ಪೇಟೆ ದಾಟುವ ಮೊದಲೇ ಕೂಸಿಗೆ ಗಡದ್ದು ನಿದ್ದೆ. ಅಂದಿನಿಂದ ತಿಂಗಳ ಪಾಸು ಮಾಡಿಸಿ, ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ. ಡ್ರೈವರುಗಳು ಬೆರಳು ತುಟಿಗಿಟ್ಟು ಬಾಗಿಲು ತೆರೆಯುತ್ತಿದ್ದರಂತೆ. ಈಗ ಆ ಬಸ್ಸುಗಳೆಲ್ಲ ಬ್ಯಾಟರಿಯವಾಗಿವೆ. ಬಂದದ್ದೂ ತಿಳಿಯದು, ಹೋದದ್ದೂ ತಿಳಿಯದು. “ಈಗಿನ ಮಕ್ಕಳನ್ನ ಹೇಗೆ ಮಲಗಿಸ್ತಾರೋ ಏನೋ” ಎಂದು ಭಾವ ಸ್ಟಾಪಿನಲ್ಲಿ ನಿಂತು ಪರರ ಚಿಂತೆ ಮಾಡುತ್ತಾರೆ.

ಆ ಕೂಸು ಈ ಜೂನ್‌ನಲ್ಲಿ ಇಲ್ಲಿನ ಪಿಯುಸಿಯಂಥದ್ದನ್ನು ಮುಗಿಸಿತು. ಆ ದಿನ ಮಕ್ಕಳು ಬಿಳಿ ಟೋಪಿ ಹಾಕಿಕೊಂಡು ಶಾಲೆಯಿಂದ ಓಡಿ ಬರುತ್ತಾರೆ. ಹೊರಗೆ ಅಪ್ಪ ಅಮ್ಮ ಮಗುವಿನ ಎಳೆಯ ವಯಸ್ಸಿನ ಫೋಟೋವನ್ನು ದೊಡ್ಡದು ಮಾಡಿಸಿ, ಕೋಲಿಗೆ ಕಟ್ಟಿ ಹಿಡಿದು ನಿಂತಿರುತ್ತಾರೆ. ಆಮೇಲೆ ಶೃಂಗರಿಸಿದ ಗಾಡಿಯಲ್ಲಿ ಮೆರವಣಿಗೆಯ ಹಾಗೆ ಮನೆಗೆ. ಕೆಲವರು ಕುದುರೆ ತರುತ್ತಾರೆ, ಕೆಲವರು ಟ್ರ್ಯಾಕ್ಟರ್. ಭಾವ ಹಿಂದಿನ ಶರತ್ಕಾಲದಲ್ಲೇ ರೈತರೊಬ್ಬರಿಂದ ಹಳೆಯ ಸಣ್ಣ ಲಾರಿಯೊಂದನ್ನು ಕೊಂಡು ತಂದರು. ಮುಂದೆ ಮೂರು ಜನಕ್ಕೆ ಒಂದೇ ಉದ್ದ ಸೀಟು, ಹಿಂದೆ ತೆರೆದ ತೊಟ್ಟಿ, ಒಳಗೆ ಬೆಣ್ಣೆಯ ಹಾಗೆ ಓಡುವ ಪೆಟ್ರೋಲ್ ಇಂಜಿನ್.

ಅದೇ ತಪ್ಪಾದದ್ದು.

“ಓಡೋ ಗಾಡಿಯ ಇಂಜಿನ್ ಯಾಕ್ರೀ ಬಿಚ್ತೀರಿ?” ಎಂದಳು ಅಕ್ಕ.

“ಓಡ್ತದೆ ಮಾರಾಯ್ತಿ. ಆದ್ರೆ ಮಾತಾಡಲ್ಲ. ಇದು ಹೊಲಿಗೆ ಮಿಷನ್ನು.”

“ಪಪ್ಪಾ, ಪ್ಲೀಸ್, ನಾನು ಬಸ್ಸಲ್ಲೇ ಬರ್ತೀನಿ” ಎಂದಳು ಮಗಳು. ಭಾವ ಆಗಲೇ ಗುಜರಿಯಲ್ಲಿ ಒಂದು ಮುದಿ ಮಿನಿಬಸ್ಸಿನ ಡೀಸೆಲ್ ಇಂಜಿನ್ನಿಗೆ ಮುಂಗಡ ಕೊಟ್ಟಾಗಿತ್ತು.

ಜೂನ್‌ನೊಳಗೆ ಲಾರಿ ಎದ್ದು ನಿಲ್ಲಬೇಕು. ಟಾರ್ಚ್ ಹಿಡಿಯಲು ಪ್ರತಿ ಭಾನುವಾರ ನಾನು ನನ್ನ ಊರಾದ ಸೊಲ್ಲೆಂಟುನಾದಿಂದ ರೈಲು ಹತ್ತಿ ಹೋಗಬೇಕು. ಹೊಸ ಇಂಜಿನ್ ಹಳೆಯ ಗೇರ್‌ಬಾಕ್ಸಿಗೆ ಹೊಂದಲಿಲ್ಲ. ನಡುವೆ ದಪ್ಪ ಲೋಹದ ತಟ್ಟೆಯೊಂದನ್ನು ಮಾಡಿಸಿ ಕೂರಿಸಿದ್ದಾಯಿತು. ಇಳಿಸಿದರೆ ತಳದ ಎಣ್ಣೆ ತೊಟ್ಟಿ ಆಕ್ಸಲ್ಲಿಗೆ ತಾಗಿತು. ಎತ್ತಿದರೆ ಬಾನೆಟ್ ಮುಚ್ಚಲಿಲ್ಲ. ಬೇರೆಯವರ ಕೋಟು ತೊಟ್ಟ ಮದುಮಗನ ಹಾಗೆ ಲಾರಿ ಉಸಿರು ಬಿಗಿಹಿಡಿದು ನಿಂತಿತ್ತು.

ಭಾನುವಾರದ ಸುತ್ತಿಗೆ ಸದ್ದಿನ ಬಗ್ಗೆ ಮಾತಾಡಲು ಪಕ್ಕದ ಮನೆಯ ಸ್ವೀಡಿಷ್ ಅಜ್ಜ ಬಂದರು. ದೂರು ಹೇಳಬೇಕು, ಆದರೆ ಹೇಗೆ ಶುರು ಮಾಡುವುದು? ಅವರು ಆ ಸಂಕೋಚದಲ್ಲಿ ನಿಂತಿದ್ದಾಗ ಭಾವ “ಇದನ್ನು ಸ್ವಲ್ಪ ಹಿಡೀತೀರಾ?” ಎಂದು ಇಂಜಿನ್ ಎತ್ತುವ ಚೈನಿನ ತುದಿ ಕೈಗೆ ಕೊಟ್ಟರು. ಸಂಜೆ ಅಜ್ಜ ಮೊಣಕೈವರೆಗೆ ಗ್ರೀಸು ಮಾಡಿಕೊಂಡು, ಮುಂದಿನ ಭಾನುವಾರ ಎಷ್ಟು ಹೊತ್ತಿಗೆ ಬರಲಿ ಎಂದು ಕೇಳಿ ಹೋದರು.

ಚಳಿಗಾಲದಲ್ಲಿ ಇನ್ನೊಂದು ಪ್ರಕರಣ. ಅಕ್ಕನ ದೋಸೆ ಹಿಟ್ಟು ಇಲ್ಲಿನ ಥಂಡಿಗೆ ಉಬ್ಬುವುದೇ ಇಲ್ಲ. ಭಾವನೋ ಇಂಜಿನ್ನಿಗೆ ಕರೆಂಟಿನ ಹೀಟರ್ ಹಾಕಿ, ಕಂಬಳಿ ಹೊದೆಸಿದ್ದರು. “ಇಂಜಿನ್ನಿಗೆ ಬೆಚ್ಚಗೆ, ನಮ್ಮ ಹಿಟ್ಟಿಗೆ ಐಸಾ?” ಎಂದು ಅಕ್ಕ ಪಾತ್ರೆಯನ್ನು ಒಯ್ದು ಕಂಬಳಿಯೊಳಗೆ ತೂರಿಸಿ ಬಂದಳು. ಬೆಳಿಗ್ಗೆ ನೋಡಿದರೆ ಹಿಟ್ಟು ಉಕ್ಕಿ, ಇಂಜಿನ್ನಿನ ಮೇಲೆಲ್ಲ ಇಳಿದು, ಕ್ಷೀರಾಭಿಷೇಕ. ಭಾವ ಬಾಯಿ ತೆರೆಯುವ ಮೊದಲೇ ಅಕ್ಕ ಉಳಿದ ಹಿಟ್ಟಿನಿಂದ ದೋಸೆ ಹುಯ್ದಳು. ಸ್ವೀಡನ್ನಿನಲ್ಲಿ ನಾನು ತಿಂದ ಅತ್ಯುತ್ತಮ ದೋಸೆ ಅದು. ಡೀಸೆಲ್ ವಾಸನೆಯ ಬಗ್ಗೆ ಯಾರೂ ಮಾತಾಡಲಿಲ್ಲ.

ಮಗಳಿಗೆ ದೂರದ ಉತ್ತರದ ಉಮೆಯೊದಲ್ಲಿ ಓದುವ ಆಸೆ. ಶಾಲೆ ಮುಗಿದ ಬೇಸಿಗೆ ಕಳೆಯುತ್ತಲೇ ಹೊರಡುವವಳು. ಆ ಮಾತು ಬಂದಾಗಲೆಲ್ಲ ಭಾವ ಲಾರಿಯ ಇಂಜೆಕ್ಟರಿನ ಸಂಗತಿ ಎತ್ತುತ್ತಿದ್ದರು.

ಇಂಜಿನ್ ಬದಲಿಸಿದ ಗಾಡಿ ಇಲ್ಲಿ ತಪಾಸಣೆಯಾಗದೆ ರಸ್ತೆಗೆ ಇಳಿಯುವ ಹಾಗಿಲ್ಲ. ಮೊದಲ ಸಲ ಫೇಲು. ಡೀಸೆಲಿನ ಭಾರಕ್ಕೆ ಮೂತಿ ಬಾಗಿ, ಹೆಡ್‌ಲೈಟು ತನ್ನ ಚಕ್ರವನ್ನೇ ನೋಡಿಕೊಳ್ಳುತ್ತಿತ್ತು. ಮುಂದಿನ ಸ್ಪ್ರಿಂಗ್ ಬದಲಾಯಿಸಿ ಎರಡನೇ ಸಲ ಒಯ್ದೆವು. ಶಾಲೆಯ ದಿನಕ್ಕೆ ಒಂದೇ ವಾರ ಉಳಿದಿತ್ತು. ತಪಾಸಣೆಯಾಕೆ ಬ್ರೇಕು, ಬೋಲ್ಟು, ಪೈಪು ಎಲ್ಲವನ್ನೂ ನೋಡಿ, ಕೊನೆಗೆ ಒಂದೇ ಪ್ರಶ್ನೆ ಕೇಳಿದಳು: “ಯಾಕೆ?”

ಎಲ್ಲ ಪ್ರಶ್ನೆಗೂ ತಯಾರಾಗಿ ಹೋಗಿದ್ದ ಭಾವ ಇದೊಂದಕ್ಕೆ ಕೈಯ ಗ್ರೀಸು ಒರೆಸಿಕೊಂಡರು. “ನನಗೊಬ್ಬಳು ಮಗಳಿದ್ದಾಳೆ” ಎಂದರು. ಅದೇನು ಉತ್ತರವೋ ನನಗೆ ತಿಳಿಯಲಿಲ್ಲ. ಆಕೆ ಲಾರಿಯನ್ನು ಪಾಸು ಮಾಡಿದಳು.

ಶಾಲೆಯ ದಿನ ಲಾರಿಗೆ ಬರ್ಚ್ ಮರದ ಎಲೆ, ನೀಲಿ ಹಳದಿ ರಿಬ್ಬನ್ನು. ಅಕ್ಕ ನೆಂಟರ ಅಡುಗೆಗೆಂದು ಮನೆಯಲ್ಲೇ ಉಳಿದಳು. ನಾನು ಹಿಡಿದ ಫೋಟೋದಲ್ಲಿ ಬಸ್ಸಿನಲ್ಲಿ ಅಪ್ಪನ ಎದೆಗೊರಗಿ ಬಾಯಿ ಬಿಟ್ಟು ಮಲಗಿದ ಕೂಸು. ಹುಡುಗಿ ಓಡಿ ಬಂದಳು. ನಮ್ಮನ್ನು ನೋಡುವ ಮೊದಲೇ ಸದ್ದು ಕೇಳಿ ಮುಖ ಮುಚ್ಚಿಕೊಂಡಳು.

“ಪಪ್ಪಾ, ಆಫ್ ಮಾಡಿ. ಎಲ್ಲಾ ನೋಡ್ತಿದಾರೆ.”

“ಆಫ್ ಮಾಡಿದ್ರೆ ಮತ್ತೆ ಸ್ಟಾರ್ಟ್ ಆಗೋ ಗ್ಯಾರಂಟಿ ಇಲ್ಲ. ಹತ್ತು.”

ಆಚೆ ನಾನು, ಈಚೆ ಭಾವ, ನಡುವೆ ಅವಳು. ಗೆಳತಿಯರ ಜೊತೆ ನಿದ್ದೆಗೆಟ್ಟು ಬಂದಿದ್ದಳೆಂದು ಕಾಣುತ್ತದೆ. ಸೀಟು ಸಣ್ಣಗೆ ನಡುಗುತ್ತಿತ್ತು. ಪೇಟೆ ದಾಟುವ ಮೊದಲೇ ಬಿಳಿ ಟೋಪಿ ಜಾರಿ ನನ್ನ ಮಡಿಲಿಗೆ ಬಿತ್ತು. ತಲೆ ಅಪ್ಪನ ತೋಳಿಗೆ ಒರಗಿತು. ಫೋಟೋದಲ್ಲಿದ್ದ ಹಾಗೆಯೇ ಬಾಯಿ ತೆರೆದುಕೊಂಡಿತು.

“ಭಾವ, ಮನೆಯ ತಿರುವು ಹಿಂದೆ ಹೋಯ್ತು.”

“ಗೊತ್ತು” ಎಂದು ಪಿಸುಗುಟ್ಟಿದರು.

ಮನೆಯಾಚೆಗಿನ ಕೆರೆಯ ಸುತ್ತ ಒಂದು ಸುತ್ತಾಯಿತು, ಇನ್ನೊಂದಾಯಿತು. ನನಗೆ ಅಕ್ಕನ ಫೋನು ಬಂತು: “ಎಲ್ಲಿದೀರಾ? ನೆಂಟರೆಲ್ಲ ಕಾಯ್ತಿದಾರೆ, ಊಟ ಆರ್ತಾ ಇದೆ.” “ಟ್ರಾಫಿಕ್ ಅಂತ ಹೇಳು” ಎಂದರು ಭಾವ. ನಮ್ಮ ಮುಂದೆ ರಸ್ತೆಯಲ್ಲಿ ಒಂದು ಸೈಕಲ್ಲೂ ಇರಲಿಲ್ಲ.

ಕೊನೆಗೆ ಅಂಗಳಕ್ಕೆ ಬಂದಾಗಲೂ ಇಂಜಿನ್ ನಿಲ್ಲಿಸಲಿಲ್ಲ. ಆ ಸದ್ದು ಕಂಡರಾಗದ ಅಕ್ಕ, ಸೌಟು ಹಿಡಿದೇ ಬಯ್ಯಲು ಬಂದಳು. ಕಿಟಕಿಯೊಳಗೆ ನೋಡಿದಳು. ಸೌಟು ಕೆಳಗಿಳಿಸಿದಳು. ಆಮೇಲೆ ನನ್ನ ಕಡೆಯ ಬಾಗಿಲನ್ನು ಮೆಲ್ಲಗೆ ತೆರೆದು, “ಇಳಿಯೋ” ಎಂದಳು. ಸೌಟನ್ನು ನನ್ನ ಕೈಗಿಟ್ಟು, ಟೋಪಿಯನ್ನು ತನ್ನ ಮಡಿಲಿಗೆ ಹಾಕಿಕೊಂಡು ಹತ್ತಿ ಕೂತಳು.

“ಇನ್ನೊಂದು ರೌಂಡು ಹೋಗಿ” ಎಂದಳು ಗಂಡನಿಗೆ.

ಲಾರಿ ಹೊರಟುಹೋಯಿತು. ಸೌಟು ಹಿಡಿದು ನಿಂತ ನನ್ನನ್ನು ಪಕ್ಕದ ಮನೆಯ ಅಜ್ಜ ಕೇಳಿದರು, ಎಲ್ಲರೂ ಎಲ್ಲಿಗೆ ಹೋದರು ಎಂದು.

“ಮಗಳನ್ನು ಮಲಗಿಸೋಕೆ” ಎಂದೆ.

ಅಜ್ಜ ಆ ಸದ್ದು ಕೆರೆಯ ತಿರುವಿನಲ್ಲಿ ಸಣ್ಣದಾಗುವವರೆಗೂ ತಲೆ ವಾಲಿಸಿ ಕೇಳುತ್ತಿದ್ದರು.