ಗಾಜಿನ ಹಿಂದಿನ ತಲೆ

ಕೋಟಣ್ಣನ ತಲೆಯ ಮೇಲೆ ಉಳಿದಿದ್ದದ್ದು ಎಡಗಿವಿಯ ಪಕ್ಕದ ಒಂದು ಪಟ್ಟಿ ಕೂದಲು. ಅದನ್ನೇ ಉದ್ದಕ್ಕೆ ಬೆಳೆಸಿ, ನೀರು ಸವರಿ, ನೆತ್ತಿಯ ಮೇಲೆ ಹಾಯಿಸಿ ಬಲಗಿವಿಗೆ ತಂದು ಮುಟ್ಟಿಸುವುದು ಅವನ ದಿನದ ಮೊದಲ ಕೆಲಸ. ಸಣ್ಣ ಚಾಪೆಯಲ್ಲಿ ದೊಡ್ಡ ಹಜಾರ ಮುಚ್ಚುವ ಸಾಹಸ. ಆ ಬೆಳಿಗ್ಗೆ ಚಾಪೆ ಬಲಗಿವಿ ಮುಟ್ಟಲಿಲ್ಲ, ನಡುದಾರಿಯಲ್ಲೇ ನಿಂತಿತು. ಮಿಕ್ಕಿದ್ದು ಬಾಚಣಿಗೆಯಲ್ಲಿತ್ತು.

"ಅಯ್ಯಯ್ಯೋ!" ಎಂದು ಅವನು ಹಾಕಿದ ಕೂಗಿಗೆ ಹೆಂಡತಿ ಅಡುಗೆಮನೆಯಿಂದ ಓಡಿಬಂದಳು.

"ಏನ್ರೀ? ಬಿದ್ರಾ?"

"ನಾನಲ್ಲ ಕಣೇ, ಇದು ಬಿತ್ತು" ಎಂದು ಬಾಚಣಿಗೆ ತೋರಿಸಿದ.

"ಅಷ್ಟೇನಾ? ನಾನೇನು ನಿಮ್ಮ ಕೂದಲನ್ನ ಮದುವೆ ಆಗಿದ್ನಾ? ಬನ್ನಿ, ತಿಂಡಿ ಆರ್ತಾ ಇದೆ."

ಅವಳಿಗೇನು, ಸುಲಭವಾಗಿ ಹೇಳಿಬಿಟ್ಟಳು. ಕೋಟಣ್ಣ ಕೆಲಸ ಮಾಡುತ್ತಿದ್ದದ್ದು ಒಂದು ದೊಡ್ಡ ಬಟ್ಟೆ ಅಂಗಡಿಯಲ್ಲಿ. ಕೋಟು ಮಾರುವ ವಿಭಾಗದಲ್ಲಿದ್ದು ಇದ್ದು ಅಪ್ಪ ಅಮ್ಮ ಇಟ್ಟ ಹೆಸರು ಕಳೆದುಕೊಂಡು ಕೋಟಣ್ಣನಾಗಿದ್ದ. ಬಾಗಿಲ ಪಕ್ಕ, ರಸ್ತೆಗೆ ಕಾಣುವ ದೊಡ್ಡ ಗಾಜಿನ ಹಿಂದೆ ನಿಂತು ಗಿರಾಕಿಗಳನ್ನು ಬರಮಾಡಿಕೊಳ್ಳುತ್ತಿದ್ದವನು ಕೆಲಸ ಬಿಟ್ಟುಹೋಗಿದ್ದ. ಆ ಜಾಗಕ್ಕೆ ಯಾರೆಂದು ಆರಿಸಲು ಯಜಮಾನರ ಅಳಿಯ ಅಂದೇ ಮೊದಲ ಸಲ ಅಂಗಡಿಗೆ ಬರುವವರಿದ್ದರು. ಆತ ಫೋನಿನಲ್ಲೇ ಅಪ್ಪಣೆ ಕೊಡಿಸಿದ್ದರು: "ಮುಂದೆ ನಿಲ್ಲೋನು ಗಿರಾಕಿಗೆ ಕನ್ನಡಿ ಇದ್ದ ಹಾಗೆ ಇರ್ಬೇಕು." ಕೋಟು ವಿಭಾಗವನ್ನು ಬೇರೆಯವರಿಗೆ ಕೊಡುವುದೆಂದೂ ತೀರ್ಮಾನವಾಗಿತ್ತು. ಅಂದರೆ ಕೋಟಣ್ಣನಿಗೆ ಸಿಕ್ಕರೆ ಗಾಜಿನ ಹಿಂದಿನ ಆ ಜಾಗ, ಸಿಗದಿದ್ದರೆ ನೆಲದಡಿಯ ಗೋಡೌನು.

ಗೋಡೌನಿಗೆ ಅವನು ಹೆದರುತ್ತಿರಲಿಲ್ಲ. ಹೆದರಿದ್ದು ಮಗಳಿಗೆ.

"ಅಪ್ಪಾ, ಇವತ್ತಿಂದ ನೀನು ಗಾಜಿನ ಹತ್ರ ನಿಲ್ತೀಯ ಅಲ್ವಾ?" ಅವಳು ಶೂ ಹಾಕಿಕೊಳ್ಳುತ್ತಾ ಕೇಳಿದಳು. "ನಮ್ಮ ಸ್ಕೂಲ್ ವ್ಯಾನ್ ಅಲ್ಲೇ ಹೋಗೋದು. ಎಲ್ರಿಗೂ ಹೇಳ್ಬಿಟ್ಟಿದ್ದೀನಿ, ನಮ್ಮಪ್ಪನ್ನ ತೋರಿಸ್ತೀನಿ ಅಂತ."

ತನ್ನನ್ನು ಯಾರಿಗಾದರೂ ತೋರಿಸಬೇಕೆಂದು ಇಷ್ಟು ವರ್ಷಗಳಲ್ಲಿ ಯಾರಿಗೂ ಅನ್ನಿಸಿರಲಿಲ್ಲ.

"ನಿಲ್ತೀನಿ ಪುಟ್ಟಿ. ಸಂಜೆ ವಾಪಸ್ ಬರೋವಾಗ ನೋಡು, ಕೈ ಬೀಸ್ತೀನಿ."

ಬೀದಿಗಿಳಿದರೆ ಮಹಡಿ ಮನೆಯ ಡ್ರಿಲ್ ಮಾಸ್ಟರು ಮೇಲಿನಿಂದ ಬಗ್ಗಿ ನೋಡಿದರು. ಮೇಲಿನಿಂದ ನೋಡುವವರಿಗೆ ಏನೂ ಮುಚ್ಚಿಡಲಾಗುವುದಿಲ್ಲ.

"ಏನಯ್ಯಾ ಕೋಟಣ್ಣ, ಇನ್ನೊಂದು ಗುಂಟೆ ಹೋಯ್ತಲ್ಲ!" ಎಂದರು, ಇಡೀ ಬೀದಿಗೆ ಕೇಳುವ ಹಾಗೆ. "ಈರುಳ್ಳಿ ರಸ ತಿಕ್ಕು ಅಂದಿದ್ದೆ, ತಿಕ್ಕಿದ್ಯಾ?"

"ತಿಕ್ಕಿದೆ ಸಾರ್. ತಿಕ್ಕಿದ್ದಕ್ಕೇ ಇದೂ ಹೋಯ್ತು."

"ಹಾಗಾದ್ರೆ ಬಿಳೀದು ತಿಕ್ಕಿದೀಯ. ನಾನು ಹೇಳಿದ್ದು ಕೆಂಪು!"

ಅಂಗಡಿಗೆ ಅವನೇ ಮೊದಲು ಬಂದ. ಬಾಗಿಲು ತೆಗೆದು ಒಳಗೆ ಕಾಲಿಟ್ಟರೆ ಗಾಜಿನ ಹಿಂದೆ ಕಂದು ಕೋಟು ತೊಟ್ಟ ಗೊಂಬೆ ನಿಂತಿತ್ತು. ಅದರ ತಲೆಯ ಮೇಲೆ ಕಪ್ಪಗೆ ಮಿರುಗುವ, ಅಲೆಯಲೆಯಾದ, ದಟ್ಟವಾದ ಕೂದಲು. ಕೋಟಣ್ಣ ಅದನ್ನು ಎಷ್ಟೋ ವರ್ಷಗಳಿಂದ ದಿನಾ ಒರೆಸಿದ್ದ, ಬಾಚಿದ್ದ. ಆದರೆ ಈ ಅನ್ಯಾಯ ಅವತ್ತೇ ಕಣ್ಣಿಗೆ ಹೊಡೆದದ್ದು. ಜೀವ ಇಲ್ಲದ್ದಕ್ಕೆ ಇಷ್ಟೊಂದು, ಹೆಂಡತಿ ಮಕ್ಕಳಿರುವವನಿಗೆ ಏನೂ ಇಲ್ಲ!

ಅತ್ತಿತ್ತ ನೋಡಿದ. ಯಾರೂ ಇರಲಿಲ್ಲ. ಗೊಂಬೆಯ ಕೂದಲನ್ನು ಎತ್ತಿ ತನ್ನ ತಲೆಗಿಟ್ಟುಕೊಂಡು ಕನ್ನಡಿ ನೋಡಿದ. ಕನ್ನಡಿಯಲ್ಲಿದ್ದವನನ್ನು ಕಂಡು ಅವನಿಗೇ ಒಂದು ಕ್ಷಣ ಹೊಟ್ಟೆಕಿಚ್ಚಾಯಿತು.

ಸಂಜೆ ಹಿಂದಿರುಗಿಸಿದರೆ ಆಯಿತು, ಗೊಂಬೆಯೇನು ದೂರು ಕೊಡುತ್ತದೆಯೇ ಎಂದುಕೊಂಡು ಅದರ ಬೋಳು ತಲೆಗೆ ಒಂದು ಹ್ಯಾಟು ಮುಚ್ಚಿದ.

ಆದರೆ ಗೊಂಬೆಯ ತಲೆ ದೊಡ್ಡದು. ಮೊದಲ ಗಿರಾಕಿಯ ಪ್ಯಾಂಟಿನ ಉದ್ದ ನೋಡಲು ಕೋಟಣ್ಣ ಬಗ್ಗಿದ್ದೇ ತಡ, ಕೂದಲು ಜಾರಿ ಆತನ ಬೂಟಿನ ಮೇಲೆ ಕೂತಿತು. ಗಿರಾಕಿ "ಬೆಕ್ಕು! ಬೆಕ್ಕು!" ಎಂದು ಕುರ್ಚಿ ಹತ್ತಿದ.

ಇದನ್ನೆಲ್ಲ ಹೊಲಿಗೆ ಯಂತ್ರದ ಹಿಂದಿನಿಂದ ನೋಡುತ್ತಿದ್ದವರು ಟೈಲರ್ ಮಾಸ್ಟರು. ಕೇಳದೆ ಉಪಕಾರ ಮಾಡುವುದು ಅವರ ಹುಟ್ಟುಗುಣ. ಕೋಟಣ್ಣನನ್ನು ಟ್ರಯಲ್ ರೂಮಿಗೆ ಎಳೆದುಕೊಂಡು ಹೋದರು.

"ನನ್ಹತ್ರ ಮುಚ್ಚಿಡ್ತೀಯೇನೋ? ಮೊದಲೇ ಹೇಳಿದ್ರೆ ವ್ಯವಸ್ಥೆ ಮಾಡ್ತಿರ್ಲಿಲ್ವಾ?" ಎಂದು ಜೇಬಿನಿಂದ ಒಂದು ಟ್ಯೂಬು ತೆಗೆದರು. "ಚಪ್ಪಲಿ ಅಟ್ಟೆ ಅಂಟಿಸೋ ಗೋಂದು. ಪ್ರಾಣ ಹೋದ್ರೂ ಪಟ್ಟು ಬಿಡಲ್ಲ."

"ಮಾಸ್ಟ್ರೇ, ಸಂಜೆ ತೆಗೀಬೇಕು ಇದನ್ನ!"

"ಸಂಜೆ ಮಾತು ಸಂಜೆಗೆ. ತಲೆ ಬಗ್ಸು."

ತಲೆ ಬಗ್ಗಿಸಿದ. ಮಾಸ್ಟರು ಟ್ಯೂಬು ಪೂರ್ತಿ ಹಿಂಡಿ, ಕೂದಲನ್ನು ಕೂರಿಸಿ, ಅದರ ಮೇಲೆ ಇಸ್ತ್ರಿ ಹಲಗೆ ಇಟ್ಟು ಒತ್ತಿದರು. ಕೋಟಣ್ಣ ಹೊರಗೆ ಬಂದಾಗ ಬಿರುಗಾಳಿ ಬಂದರೂ ಹೆದರದ ಗಂಡಸಾಗಿದ್ದ. ಎದೆ ತಾನಾಗಿ ಮುಂದೆ ಬಂದಿತ್ತು, ದನಿ ದಪ್ಪವಾಗಿತ್ತು. ಹೊಸ ಗಿರಾಕಿಯೊಬ್ಬರು ಅವನನ್ನು "ಏನಪ್ಪ ತಮ್ಮ" ಎಂದು ಕರೆದರು. ಆ "ತಮ್ಮ" ಎಂಬ ಮಾತಿಗೆ ಅವನು ಅಂಗಡಿಯನ್ನೇ ಬರೆದುಕೊಡಲು ಸಿದ್ಧನಿದ್ದ.

ಅಷ್ಟರಲ್ಲಿ ಮಾಸ್ಟರು ಇನ್ನೊಂದು ಉಪಕಾರ ಮಾಡಿದ್ದರು. ಯಾರೋ ಹ್ಯಾಟು ಕೇಳಿದರೆಂದು ಗೊಂಬೆಯ ತಲೆ ಮೇಲಿದ್ದದ್ದನ್ನೇ ತೆಗೆದು ಮಾರಿಬಿಟ್ಟಿದ್ದರು.

ಗಾಜಿನ ಹಿಂದೆ ಗೊಂಬೆ ಬೋಳಾಗಿ ನಿಂತಿತು. ಮೇಲಿನ ದೀಪದ ಬೆಳಕು ನೆತ್ತಿಯ ಮೇಲೆ ಬಿದ್ದು ಥಳಥಳ ಹೊಳೆಯುತ್ತಿತ್ತು. ರಸ್ತೆಯಲ್ಲಿ ಹೋಗುತ್ತಿದ್ದ ಒಬ್ಬರು ನಿಂತರು. ಆಮೇಲೆ ಇನ್ನೊಬ್ಬರು. ನೋಡನೋಡುತ್ತಲೇ ಗಾಜಿನ ಮುಂದೆ ಒಂದು ಸಣ್ಣ ಗುಂಪು, ಹೆಚ್ಚಾಗಿ ನಡುವಯಸ್ಸಿನ ಗಂಡಸರು. ಒಬ್ಬೊಬ್ಬರೇ ನಾಚಿಕೊಂಡು ಒಳಗೆ ಬಂದರು.

"ಆ ಕಂದು ಕೋಟು ತೋರ್ಸಿ. ಗೊಂಬೆ ಹಾಕ್ಕೊಂಡಿದೆಯಲ್ಲ, ಅದು."

"ಎಲ್ಲಾ ಅಂಗಡೀಲೂ ಸಿನಿಮಾ ಹೀರೋ ಥರ ಗೊಂಬೆ ಇಟ್ಟಿರ್ತಾರೆ. ಅದಕ್ಕೊಪ್ಪಿದ್ದು ನಮಗೆಲ್ಲಿ ಒಪ್ಪತ್ತೆ? ಇದು ನೋಡಿ, ನಮ್ಮವನ ಥರ ಇದೆ."

ಕೋಟುಗಳು ಮದುವೆಮನೆಯ ಎಲೆ ಖಾಲಿಯಾದ ಹಾಗೆ ಖಾಲಿಯಾದವು. ಕೋಟಣ್ಣ ಬೆವರು ಒರೆಸಿಕೊಳ್ಳಲೂ ಬಿಡುವಿಲ್ಲದೆ ಅಳತೆ ತೆಗೆದ. ಆಗಲೇ ಅಳಿಯ ಬಂದದ್ದು. ಬಾಗಿಲಲ್ಲೇ ನಿಂತು ಗೊಂಬೆ ನೋಡಿದರು, ಗಿರಾಕಿಗಳ ತಲೆ ನೋಡಿದರು, ಮತ್ತೆ ಗೊಂಬೆ ನೋಡಿದರು.

"ಯಾರದ್ರೀ ಈ ಐಡಿಯಾ?" ಎಂದು ಗುಡುಗಿದರು. ಟೈಲರ್ ಮಾಸ್ಟರು ಹೊಲಿಗೆ ಯಂತ್ರದ ಹಿಂದೆ ಬಗ್ಗಿದರು. "ಅದ್ಭುತ! ನಾನು ಹೇಳಿದ ಕನ್ನಡಿ ಇದೇ! ಮುಂದೆ ನಿಲ್ಲೋದಕ್ಕೂ ಅಂಥವನೇ ಬೇಕು. ಈ ಅಂಗಡೀಲಿ ಬೋಳುತಲೆಯವರು ಯಾರಿದೀರಿ?"

ಕೋಟಣ್ಣನಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಇಷ್ಟು ವರ್ಷ ಮುಚ್ಚಿ ಮುಚ್ಚಿ ಇಟ್ಟದ್ದನ್ನು ಮೊದಲ ಸಲ ಒಬ್ಬರು ಬೇಕು ಎನ್ನುತ್ತಿದ್ದಾರೆ!

"ನಾನು ಸಾರ್!" ಎಂದು ಕೈಯೆತ್ತಿಕೊಂಡು ಮುಂದೆ ನುಗ್ಗಿದ.

ಅಳಿಯ ಅವನ ತಲೆಯನ್ನು ನೋಡಿದರು. ಅಲೆಯಲೆಯಾಗಿ, ಕಪ್ಪಗೆ, ದಟ್ಟವಾಗಿತ್ತು.

"ತಮಾಷೇನಾ?"

"ಇದು ನಂದಲ್ಲ ಸಾರ್, ಗೊಂಬೇದು. ನೋಡಿ, ಈಗ ತೆಗೀತೀನಿ." ಎಳೆದ. ಬರಲಿಲ್ಲ. ಎರಡೂ ಕೈ ಹಾಕಿ ಎಳೆದ. ಹುಬ್ಬು ಮೇಲೆ ಹೋಯಿತು, ಕಣ್ಣಲ್ಲಿ ನೀರು ಬಂತು, ಕೂದಲು ಬರಲಿಲ್ಲ. "ಮಾಸ್ಟ್ರೇ, ಒಂದು ಕೈ ಹಾಕಿ!"

ಮಾಸ್ಟರು ಕೈ ಹಾಕಿದರು. ಅಳಿಯನೂ ಅನುಮಾನ ಬೇಡವೆಂದು ಒಂದು ಸಲ ಜಗ್ಗಿದರು. ಕೋಟಣ್ಣ "ಅಮ್ಮಾ!" ಎಂದ.

"ಅಪ್ಪಟ ಕೂದಲು" ಎಂದು ಅಳಿಯ ಕೈ ಒರೆಸಿಕೊಂಡರು. "ಒಳ್ಳೇ ಜಾಗಕ್ಕೆ ಆಸೆ ಇರಬೇಕಪ್ಪ, ಆದ್ರೆ ಇಷ್ಟು ಸುಳ್ಳು ಹೇಳ್ಬಾರ್ದು. ಇಷ್ಟು ಕೂದಲಿಟ್ಕೊಂಡು ಆ ಪಾಪದವರ ಹೊಟ್ಟೆ ಉರಿಸ್ತೀಯಾ? ನಡಿ, ಗೋಡೌನಿಗೆ."

ಮುಂದಿನ ಜಾಗ ಗೋಡೌನು ಕಾಯುತ್ತಿದ್ದ ಮುದುಕರಿಗೆ ಸಿಕ್ಕಿತು. ಎಲ್ಲರೂ ಅವರನ್ನು ಮಾವ ಎನ್ನುತ್ತಿದ್ದರು. ನೆತ್ತಿ ತಾಮ್ರದ ಚೆಂಬಿನಂತಿತ್ತು. "ಬೇಡ ಸಾರ್, ನಂಗೆ ಮಧ್ಯಾಹ್ನ ನಿದ್ದೆ ಮಾಡಿ ಅಭ್ಯಾಸ" ಎಂದು ಅವರು ಗೋಗರೆದರೂ ಅಳಿಯ ಕೇಳಲಿಲ್ಲ.

ಗೋಡೌನಿನಲ್ಲಿ ಕಿಟಕಿ ಇರಲಿಲ್ಲ. ಕೋಟಣ್ಣ ಬಟ್ಟೆಯ ಮೂಟೆಗಳ ನಡುವೆ ಕೂತು ಬೆವರಿದ. ಅಳು ಬಂತು, ಅದೂ ಬೆವರಿನ ಜೊತೆ ಇಳಿಯಿತು. ಪ್ರಾಣ ಹೋದರೂ ಪಟ್ಟು ಬಿಡದ ಗೋಂದು ಬೆವರಿಗೆ ಬಿಟ್ಟಿತು. ಕೂದಲು ತಾನಾಗಿ ಕಳಚಿ ತೊಡೆಯ ಮೇಲೆ ಬಿತ್ತು. ಎಡಗಿವಿಯ ಪಟ್ಟಿಯನ್ನೂ ತನ್ನ ಜೊತೆ ಕರೆದುಕೊಂಡು ಬಂದಿತ್ತು.

ಕೋಟಣ್ಣ ಕುಣಿದಾಡಿದ. ಲೋಕದಲ್ಲಿ ತಲೆ ಬೋಳಾಯಿತೆಂದು ಇಷ್ಟು ಸಂತೋಷಪಟ್ಟವನು ಇನ್ನೊಬ್ಬನಿರಲಾರ. "ಸಾರ್! ಸಾರ್!" ಎನ್ನುತ್ತಾ ಮೆಟ್ಟಿಲು ಹಾರಿ ಮೇಲೆ ಬಂದ. ಅಳಿಯ ಆಗಲೇ ಹೊರಟುಹೋಗಿದ್ದರು, ಸ್ಕೂಲ್ ವ್ಯಾನೂ. ಗಾಜಿನ ಹಿಂದೆ, ಗೊಂಬೆಯ ಕಾಲ ಬಳಿ ಕುರ್ಚಿ ಹಾಕಿಕೊಂಡು ಮಾವ ಗೊರಕೆ ಹೊಡೆಯುತ್ತಿದ್ದರು.

"ಸಾಹೇಬ್ರು ಇನ್ನು ಬರೋದು ಮುಂದಿನ ವರ್ಷಾನೇ ಅಂತೆ" ಎಂದರು ಟೈಲರ್ ಮಾಸ್ಟರು. "ಮತ್ತೆ ಅಂಟಿಸ್ಲಾ?"

ಮನೆಯ ದಾರಿಯುದ್ದಕ್ಕೂ ಮಗಳಿಗೆ ಏನು ಹೇಳಲೆಂದು ಒದ್ದಾಡಿಕೊಂಡು ಬಂದ. ಬಾಗಿಲು ತೆಗೆದದ್ದೇ ತಡ ಅವಳು ಹಾರಿ ಬಂದು ಅವನ ಕುತ್ತಿಗೆಗೆ ಜೋತುಬಿದ್ದಳು.

"ಅಪ್ಪಾ! ನೋಡ್ದೆ! ಕಂದು ಕೋಟಲ್ಲಿ ಎಷ್ಟು ಚೆನ್ನಾಗಿ ಕಾಣ್ತಿದ್ದೆ! ತಲೆ ಫಳಫಳ ಅಂತಿತ್ತು, ದೂರದಿಂದಾನೇ ಗೊತ್ತಾಯ್ತು ನೀನೇ ಅಂತ. ಎಲ್ರಿಗೂ ತೋರಿಸ್ದೆ. ನನ್ನ ಫ್ರೆಂಡು ನಿಮ್ಮಪ್ಪ ರಾಜನ ಥರ ನಿಂತಿದಾರೆ ಅಂದ್ಲು."

ಹೆಂಡತಿ ಕೋಟಣ್ಣನ ಕೆಂಪಾದ ನುಣ್ಣನೆ ತಲೆಯನ್ನೂ ಅದಕ್ಕಂಟಿದ ಗೋಂದನ್ನೂ ನೋಡಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

"ಆದ್ರೆ ಅಪ್ಪಾ, ನಾನು ಅಷ್ಟು ಸಲ ಕೈ ಬೀಸಿದ್ರೂ ನೀನು ಅಲ್ಲಾಡ್ಲೇ ಇಲ್ಲ. ನಾಳೆ ಬೀಸ್ಬೇಕು. ಆಣೆ?"

"ಆಣೆ" ಎಂದುಬಿಟ್ಟ ಕೋಟಣ್ಣ.

ಊಟಕ್ಕೆ ಕೂತರೂ ತುತ್ತು ಬಾಯಿಗೆ ಹೋಗಲಿಲ್ಲ. ಗೋಡೌನಿನ ಮೆಟ್ಟಿಲಿಂದ ಗೊಂಬೆಯ ಬಲಗೈ ತನಕ, ಮಾವನ ನಿದ್ದೆ ಕೆಡದ ಹಾಗೆ ಎಳೆಯಲು, ಎಷ್ಟು ಮಾರು ದಾರ ಬೇಕಾದೀತು ಎಂದು ಅವನು ಲೆಕ್ಕ ಹಾಕುತ್ತಿದ್ದ.