ಜೀರಿಗೆ ಮಿಡಿಯ ಗೊರಟು

ಒಂದು ಪಾಠವನ್ನು ಮಾಡುವುದಕ್ಕೂ ಅದನ್ನು ನಂಬುವುದಕ್ಕೂ ಸಂಬಂಧವಿಲ್ಲ ಎಂಬುದು ನನಗೆ ಬಹಳ ತಡವಾಗಿ ತಿಳಿಯಿತು. ಕೊಪ್ಪದ ಒಂದು ಪಿಯು ಕಾಲೇಜಿನಲ್ಲಿ ಹದಿನೆಂಟು ವರ್ಷದಿಂದ ಜೀವಶಾಸ್ತ್ರದ ಮಿಯಾಸಿಸ್, ಅಂದರೆ ಪರಾಗ, ಅಂಡಗಳು ಹುಟ್ಟುವಾಗಿನ ಕೋಶವಿಭಜನೆ, ಹೇಳಿಕೊಡುತ್ತಿದ್ದೇನೆ. ಅಪ್ಪನ ಕಡೆಯ ಕ್ರೋಮೋಸೋಮು ಅಮ್ಮನ ಕಡೆಯದರ ಪಕ್ಕ ಬಂದು ಒತ್ತಿ ಕೂರುತ್ತದೆ, ಎರಡೂ ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ, ಆಮೇಲೆ ಮುಖಪರಿಚಯವೇ ಇಲ್ಲದವರಂತೆ ಆಚೆಗೊಂದು ಈಚೆಗೊಂದು ಹೊರಟುಹೋಗುತ್ತವೆ. ಹಾಗಾಗಿ ಬೀಜದಿಂದ ಹುಟ್ಟಿದ್ದು ತಾಯಿಯ ನಕಲಾಗುವುದಿಲ್ಲ. ಇದನ್ನು ಕೆಂಪು, ನೀಲಿ ಸೀಮೆಸುಣ್ಣದಲ್ಲಿ ಎಷ್ಟು ಚೆಂದ ಬಿಡಿಸುತ್ತೇನೆಂದರೆ, ಮುಂದಿನ ಪೀರಿಯಡ್ಡಿಗೆ ಬರುವ ಇತಿಹಾಸದ ಮೇಷ್ಟ್ರು ಅಳಿಸಲು ಮನಸ್ಸಾಗದೆ ಅದರ ಸುತ್ತಲೇ ಯುದ್ಧಗಳನ್ನು ಬರೆದುಕೊಳ್ಳುತ್ತಾರೆ.

ಇಂಥ ನಾನು ನೆಟ್ಟದ್ದು ಗೊರಟು. ಭಂಡಿಗಡಿಯಲ್ಲಿ ನನ್ನ ಹೆಂಡತಿ ಸುಮಿತ್ರೆಯ ತವರಿನ ಅಂಗಳದಲ್ಲಿ ಒಂದು ಮಾವಿನ ಮರವಿತ್ತು. ಅದರ ಮಿಡಿಯ ತೊಟ್ಟು ಮುರಿದರೆ ಒಸರುವ ಸೊನೆಗೆ ಜೀರಿಗೆಯ ಪರಿಮಳ; ಅವಳ ಅಮ್ಮ ಹಾಕುತ್ತಿದ್ದ ಉಪ್ಪಿನಕಾಯಿ ಆ ಮಿಡಿಯದ್ದೇ. "ಕಡ್ಡಿ ತಂದು ಕಸಿ ಕಟ್ಟಿಸಿ" ಎಂದು ಅವಳು ಆಗಲೇ ಹೇಳಿದ್ದಳು. "ಬೀಜದ ಮರಕ್ಕೆ ಆಯುಸ್ಸು ಜಾಸ್ತಿ, ನಿನಗೆ ಗೊತ್ತಾಗುವುದಿಲ್ಲ" ಎಂದು ಗತ್ತಿನಲ್ಲಿ ಹೇಳಿ, ಹಣ್ಣು ತಿಂದು ಗೊರಟನ್ನು ಹಿತ್ತಲಲ್ಲಿ ಹೂತೆ. ಎಂಟು ವರ್ಷ ಸಾಕಿದೆ. ಅಷ್ಟರಲ್ಲಿ ಭಂಡಿಗಡಿಯ ಮರ ಗಾಳಿಗೆ ಬುಡಸಮೇತ ಉರುಳಿತು. ಆ ಉಪ್ಪಿನಕಾಯಿಗೆ ಇನ್ನು ನಮ್ಮ ಮರವೇ ಗತಿ.

ಈ ಬೇಸಿಗೆಯಲ್ಲಿ ಮೊದಲ ಮಿಡಿ ಬಿಟ್ಟಿತು. ಸುಮಿತ್ರೆ ಹೊಸ ಮೊಬೈಲು ಹಿಡಿದು, ಸಿಗ್ನಲ್ ಸಿಗುವ ಬಾವಿಕಟ್ಟೆಯ ಬಳಿ ನಿಂತು ಅಣ್ಣನಿಗೆ ಸುದ್ದಿ ಮುಟ್ಟಿಸಿದಳು. ಅವರು ಖಾಲಿ ಭರಣಿ ಹಿಡಿದು ಮರುದಿನ ಬೆಳಗಿನ ಬಸ್ಸಿಗೇ ಬಂದರು. ಒಂದು ಮಿಡಿಯ ತೊಟ್ಟು ಮುರಿದು ಮೂಸಿದರು. ಇನ್ನೊಂದನ್ನು ಮುರಿದರು.

"ಎಂತ ಭಾವಯ್ಯ ಇದು? ಸೀಮೆಎಣ್ಣೆ ವಾಸನೆ ಮಾರಾಯ್ರೆ!"

ನನಗೆ ರೇಗಿಹೋಯಿತು. ಹೂವಿನೊಳಗೆ ಕೂತು ಕದ್ದು ಅದಲುಬದಲು ಮಾಡಿಕೊಂಡ ಕ್ರೋಮೋಸೋಮುಗಳ ಮೇಲೆ, ಯಾವುದೋ ಕಾಡುಮಾವಿನ ಪರಾಗ ಹೊತ್ತು ತಂದ ನೊಣದ ಮೇಲೆ. "ಇದು ಮಿಯಾಸಿಸ್ಸಿನ ಕೆಲಸ. ತಾಯಿಮರದ ಗುಣಗಳು ಕಲಸಿ ಬೇರೆಯಾಗುವಾಗ..." ಎಂದು ಶುರುಮಾಡಿದೆ.

"ಗೊತ್ತಿತ್ತಾ ನಿಮಗೆ?" ಎಂದಳು ಸುಮಿತ್ರೆ. "ಗೊತ್ತಿದ್ದೂ ಗೊರಟು ನೆಟ್ರಾ?"

ಹದಿನೆಂಟು ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ನನ್ನನ್ನು ಹೀಗೆ ಕೇಳಿರಲಿಲ್ಲ. ಅವಳ ಕಣ್ಣಲ್ಲಿ ನೀರಿತ್ತು. ತೀರಿಕೊಂಡ ಅಮ್ಮನ ಕೈರುಚಿ ಅದು. ನನಗೆ ನಿಜಕ್ಕೂ ನಾಚಿಕೆಯಾಯಿತು.

"ಹರಿಹರಪುರದಲ್ಲಿ ಕಸಿ ಗಿಡ ಮಾಡ್ತಾನಲ್ಲ ಪ್ರಕಾಶ, ಮರ ಬೀಳೋ ಮುಂಚೆ ನಮ್ಮಲ್ಲಿಂದ ಕಡ್ಡಿ ತಗೊಂಡು ಹೋಗಿದ್ದ. ಕೇಳಿ ನೋಡಿ" ಎಂದರು ಭಾವ.

ಈಗ ನಿಜ ಹೇಳದೆ ವಿಧಿಯಿಲ್ಲ. ಪ್ರಕಾಶ ನನ್ನ ಹಳೆಯ ವಿದ್ಯಾರ್ಥಿ, ನನ್ನ ವಿಷಯದಲ್ಲೇ ಫೇಲಾಗಿ ಓದು ಬಿಟ್ಟು, ನಾನು ಗೊರಟು ನೆಡುವ ಹೊತ್ತಿಗಾಗಲೇ ಕಸಿ ಕಟ್ಟುತ್ತಿದ್ದವನು. ಅಂದು ನಾನು ಕಸಿ ಬೇಡವೆಂದದ್ದು ಮರದ ಆಯುಸ್ಸಿಗಾಗಿ ಅಲ್ಲ, ಫೇಲು ಮಾಡಿದವನ ಮುಂದೆ ಹೋಗಿ ನಿಲ್ಲಬೇಕಲ್ಲ ಎಂಬ ಬಿಗುಮಾನಕ್ಕೆ.

ಹೋಗಿ ನಿಂತೆ. ಅವನು ಎರಡು ಗಿಡ ತಂದಿಟ್ಟ. "ಭಂಡಿಗಡಿ ಮರದ್ದೇ ಸಾರ್. ಎಲೆ ಮುರಿದು ಮೂಸಿ ನೋಡಿ." ಮೂಸಿದೆ. ಜೀರಿಗೆ!

"ಬೀಜದಿಂದ ಯಾಕೆ ಪ್ರಯತ್ನ ಮಾಡಲಿಲ್ಲವೋ?" ಎಂದು, ಅಭ್ಯಾಸಬಲ ನೋಡಿ, ಮೇಷ್ಟ್ರ ದನಿಯಲ್ಲೇ ಕೇಳಿದೆ.

"ಅಯ್ಯೋ ಸಾರ್, ನೀವು ಎರಡೆರಡು ಸಲ ಪಾಠ ಮಾಡಿದ್ರೂ ಆ ಮಿಯಾಸಿಸ್ ನನಗೆ ಅರ್ಥ ಆಗ್ಲಿಲ್ಲ. ಹೆದರಿಕೊಂಡು ಅದರ ತಂಟೆಗೇ ಹೋಗ್ಲಿಲ್ಲ."

ಎರಡೂ ಗಿಡ ಎತ್ತಿಕೊಂಡು ಬಸ್ಸಿನ ಕಡೆ ನಡೆದೆ. ಅರ್ಥವಾಗಿದ್ದರೆ ಅವನೂ ಗೊರಟನ್ನೇ ನೆಡುತ್ತಿದ್ದನೋ ಏನೋ.