ಗೆರೆಗೆರೆಯಾಗಿ ಬಂದ ಮದುವೆ

ಚಿಂತೆ ಮಾಡುವುದು ಒಂದು ಚಟ ಎನ್ನುವವರು ಅದನ್ನು ಶ್ರದ್ಧೆಯಿಂದ ಮಾಡಿದವರಲ್ಲ. ಎಲೆ ಅಡಿಕೆಗೆ ಅಂಗಡಿಗೆ ಹೋಗಬೇಕು, ನಶ್ಯಕ್ಕೆ ಡಬ್ಬಿ ಬೇಕು. ಚಿಂತೆಗೆ ಏನೂ ಬೇಡ, ಕೂತಲ್ಲೇ ಆಗುತ್ತದೆ. ತೆಲುಗು ಗಡಿಯ ಆದೋನಿಯ ಒಂದು ಹತ್ತಿ ಗಿರಣಿಯ ಕಚೇರಿಯಲ್ಲಿ ಗುಮಾಸ್ತನಾಗಿರುವ ನಾನು ಈ ವಿದ್ಯೆಯಲ್ಲಿ ಬಹಳ ಮುಂದೆ ಹೋಗಿದ್ದೇನೆ. ಬೀದಿಯ ತಿರುವಿನವರೆಗೆ ಹೋದವನು ಬಾಗಿಲ ಬೀಗ ಎಳೆದು ನೋಡಲು ಹಿಂದಿರುಗುತ್ತೇನೆ. ಒಮ್ಮೆಯಂತೂ ತಾಯಿ, ಹೆಂಡತಿ ಇಬ್ಬರನ್ನೂ ಒಳಗೇ ಬಿಟ್ಟು ಭದ್ರವಾಗಿ ಬೀಗ ಹಾಕಿಕೊಂಡು ಹೋಗಿದ್ದೆ. ಕಳ್ಳರು ಬರಲಿಲ್ಲ ಎಂಬುದು ನಿಜ. ಆದರೆ ಅದನ್ನು ಮನೆಯಲ್ಲಿ ಯಾರೂ ನನ್ನ ಲೆಕ್ಕಕ್ಕೆ ಸೇರಿಸಲಿಲ್ಲ. ಇಂಥವನ ಮನೆಗೆ ಒಂದು ಭಾನುವಾರ ಬೆಳಿಗ್ಗೆ ವೀಡಿಯೋ ಬಂತು.

ಬಂದದ್ದು ಅಮ್ಮನಿಗಾಗಿ. ನಮ್ಮ ಮಗಳು ವಾರಿಜಾಳ ಮದುವೆ ಬೀಗರ ಇಚ್ಛೆಯಂತೆ ಬಳ್ಳಾರಿಯಲ್ಲಿ ನಡೆಯಿತು. ಮದುವೆ ಇನ್ನೇನು ಬಂತು ಎನ್ನುವಾಗ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು, ಕಾಲಿಗೆ ದಪ್ಪನೆಯ ಪಟ್ಟಿ ಹಾಕಿಸಿಕೊಂಡು ಮಂಚ ಹಿಡಿದಳು. ವಾರಿಜಾಳಿಗೆ ಎಣ್ಣೆ ಹಚ್ಚಿ, ಜಡೆ ಹೆಣೆದು, ಹಾಡು ಹೇಳಿಕೊಟ್ಟು ಬೆಳೆಸಿದವಳು ಅಮ್ಮ. "ನೀವೆಲ್ಲಾ ಹೋಗ್ರಿ, ನನ್ನ ಸಲುವಾಗಿ ಮುಹೂರ್ತ ನಿಲ್ಲಬಾರದು. ಆದ್ರ ತಾಳಿ ಕಟ್ಟೂದೊಂದು ನೋಡಬೇಕಂತ ಆಸಿ ಇತ್ತಪ್ಪಾ" ಎಂದಳು. ಆ ದಿನ ಮುಹೂರ್ತದ ಹೊತ್ತಿಗೆ ಬಳ್ಳಾರಿಯ ದಿಕ್ಕಿಗೆ ಮುಖ ಮಾಡಿ, ಮುಷ್ಟಿಯಲ್ಲಿ ಅಕ್ಷತೆ ಹಿಡಿದು ಕೂತಿದ್ದಳಂತೆ. ಹಾಕುವುದು ಯಾರ ತಲೆಯ ಮೇಲೆ ಎಂದು ತಿಳಿಯದೆ ಮತ್ತೆ ಬಟ್ಟಲಿಗೇ ಹಾಕಿಟ್ಟಳಂತೆ. ನೋಡಿಕೊಳ್ಳಲು ಇದ್ದ ಪಕ್ಕದ ಮನೆಯಾಕೆ ಹೇಳಿದ ಮಾತಿದು. ಅಂದಿನಿಂದ ನನ್ನ ಚಿಂತೆಗಳ ಸಾಲಿನಲ್ಲಿ ಅಮ್ಮನ ಆ ಮುಷ್ಟಿಯೂ ಸೇರಿಕೊಂಡಿತು.

ಕೊನೆಗೆ ವೀಡಿಯೋದವನು ಬೀಗರಿಗೆ ಕ್ಯಾಸೆಟ್ಟು ಕೊಟ್ಟ ಸುದ್ದಿ ಬಂದಾಗ ನಾನೇ ಬಳ್ಳಾರಿಗೆ ಓಡಿದೆ. "ಇದೊಂದೇ ಕಾಪಿ ಅದರೀ. ನೋಡಿ ಜ್ವಾಕಿಯಿಂದ ವಾಪಸ್ ಕೊಡ್ರಿ" ಎಂದು ಬೀಗರು ಕೈಗಿತ್ತರು. ಆಮೇಲೆ ಯಾಕೋ ಮೀಸೆಯಡಿಯಲ್ಲೇ ನಕ್ಕು, "ಇದರಾಗ ನೀವೂ ಭಾಳ ಛಂದ ಬಂದೀರಿ. ಎಲ್ಲಾರಿಗಿಂತ ಮುಂದ!" ಎಂದರು. ನನಗೆ ಸಂತೋಷವೇ ಆಯಿತು. ಬಸ್ಸಿನಲ್ಲಿ ಕ್ಯಾಸೆಟ್ಟನ್ನು ಹಸುಗೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡೆ. ಹಾಲಹರವಿ ದಾಟಿ ಆಲೂರು ಬರುವವರೆಗೆ ರಸ್ತೆ ಕುಲುಕಿದ ರೀತಿಗೆ ಒಳಗಿನ ಮದುವೆ ಹಿಂದುಮುಂದಾಗಿ, ತಾಳಿ ಕಟ್ಟಿದ ಮೇಲೆ ವರನನ್ನು ಎದುರುಗೊಳ್ಳುವ ಹಾಗೆ ಆದರೇನು ಗತಿ ಎಂಬ ಯೋಚನೆ ಬಂತು. ಪಕ್ಕದಲ್ಲಿದ್ದವರನ್ನು ಕೇಳಲು ನಾಚಿಕೆಯಾಗಿ ಕ್ಯಾಸೆಟ್ಟನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡೆ.

ಮನೆಗೆ ಬಂದವನೇ ಅಮ್ಮನ ಮುಂದೆ ನನ್ನ ವಿಜ್ಞಾನವನ್ನೆಲ್ಲ ಬಿಚ್ಚಿದೆ. ಕ್ಯಾಸೆಟ್ಟಿನ ಮುಂಭಾಗದ ಸಣ್ಣ ಮುಚ್ಚಳವನ್ನು ಎತ್ತಿ, "ನೋಡಮ್ಮಾ, ಈ ಕರೀ ಪಟ್ಟಿ ಒಳಗ ಇಡೀ ಮದಿವಿ ಅದ" ಎಂದೆ.

"ವಾರಿಜಾ ಇದರಾಗ ಇದ್ದಾಳೇನು?"

"ಇದ್ದಾಳ."

"ಅಳಿಯಾನೂ?"

"ಎಲ್ಲಾರೂ ಇದ್ದಾರಮ್ಮಾ."

ಅಮ್ಮ ಅದನ್ನು ಮಡಿಲಲ್ಲಿಟ್ಟುಕೊಂಡು ಮೆಲ್ಲಗೆ ಸವರಿದಳು. ನಾನು ಅದನ್ನು ಅಲ್ಲೇ ಬಿಟ್ಟು ಟಿವಿಯನ್ನೂ ಕ್ಯಾಸೆಟ್ಟು ಓಡಿಸುವ ವಿಸಿಪಿ ಮೆಷಿನ್ನನ್ನೂ ಬಾಡಿಗೆಗೆ ಹೇಳಿಬರಲು ಹೋದೆ.

ಭಾನುವಾರ ಬಾಡಿಗೆ ಅಂಗಡಿಯ ಖಾಸಿಂ ಎರಡನ್ನೂ ರಿಕ್ಷಾದಲ್ಲಿ ಹೇರಿಕೊಂಡು ಬಂದ. ಬೀದಿಯವರೆಲ್ಲ ಬಂದು ಚಾಪೆ ಹಿಡಿದರು. ಅಮ್ಮನ ಮಂಚವನ್ನೇ ನಡುಮನೆಗೆ ಎತ್ತಿ ತಂದೆವು. ಖಾಸಿಂ ಕ್ಯಾಸೆಟ್ಟು ತಳ್ಳಿ ಗುಂಡಿ ಒತ್ತಿದ. ಪರದೆಯ ಮೇಲೆ ಎರಡು ನವಿಲು ಬಂದವು, ವಧೂವರರ ಹೆಸರು ಬಂತು, ಜನ ಉಸಿರು ಬಿಗಿಹಿಡಿದರು. ಅಷ್ಟರಲ್ಲಿ ಒಳಗೆ ಏನೋ ಕರಕರ ಎಂದಿತು. ನವಿಲುಗಳ ಮೈಮೇಲೆ ಗೆರೆ ಎದ್ದವು, ವಾಲಗ ಗೊರಕೆಯಾಯಿತು, ಊಟ ಸೇರದ ಬೀಗರು ಎಲೆ ತಳ್ಳುವ ಹಾಗೆ ವಿಸಿಪಿ ಕ್ಯಾಸೆಟ್ಟನ್ನು ಹೊರಗೆ ತಳ್ಳಿತು.

"ಸಾರ್, ನಮ್ದು ಮಿಷಿನ್ ಜಪಾನ್ದು. ನಿನ್ನೆ ರಾತ್ರಿ ಬೊಮ್ಮ ಕ್ಲಿಯರ್‌ಗಾ ವಚ್ಚಿಂದಿ, ಚಿತ್ರ ಭಾಳ ಛಲೋ ಬಂದಿತ್ತು. ನಿಮ್ದು ಕ್ಯಾಸೆಟ್ಟೇ ಖರಾಬ್ ಐತಿ" ಎಂದ ಖಾಸಿಂ.

ಬೀಗರ ಒಂದೇ ಒಂದು ಕಾಪಿ! ನಮ್ಮ ಮನೆಯ ಹಳೇ ರೇಡಿಯೋ ಇಂಥ ಹೊತ್ತಿನಲ್ಲಿ ನೆತ್ತಿಗೊಂದು ಪೆಟ್ಟು ತಿಂದು ಹಾಡುತ್ತಿತ್ತು. ಅದೇ ಅಭ್ಯಾಸದಿಂದ ಕೈ ಎತ್ತಿದೆ. "ಸಾರ್, ಹೊಡಿಬ್ಯಾಡ್ರಿ, ಬಾಡಿಗಿ ಮಾಲು!" ಎಂದು ಖಾಸಿಂ ಅಡ್ಡ ಬಂದ. ಎದುರು ಮನೆಯ ನರಸಪ್ಪ ಆಸ್ಪರಿ ಕಡೆಯ ಕುರಿ ವ್ಯಾಪಾರಿ. ಕುರಿಯನ್ನು ಬಿಟ್ಟು ಉಳಿದೆಲ್ಲ ವಿಷಯಗಳಲ್ಲೂ ಸಲಹೆ ಕೊಡುವವನು. "ಇದು ಆಂಟೆನಾದ ಕೆಲಸ ಐತ್ರಿ. ನಾ ತಿರುವ್ತೀನಿ, ಬಂದ ಕೂಡಲೇ ಹೇಳ್ರಿ" ಎಂದು ಆಂಟೆನಾ ಇದ್ದ ಪಕ್ಕದ ಮನೆಯ ಮಾಳಿಗೆ ಹತ್ತಿಯೇಬಿಟ್ಟ. ಕ್ಯಾಸೆಟ್ಟಿಗೂ ಆಂಟೆನಾಕ್ಕೂ ಸಂಬಂಧವಿಲ್ಲ ಎಂದು ಖಾಸಿಂ ಹೇಳುವಷ್ಟರಲ್ಲಿ ಮೇಲಿನಿಂದ "ಬಂತೇನ್ರೀ?" ಎಂಬ ಕೂಗು ಶುರುವಾಗಿತ್ತು.

ಖಾಸಿಂ ಮೆಷಿನ್ನಿನ ಮುಚ್ಚಳ ಬಿಚ್ಚಿ, "ಹೆಡ್ಡು ಕ್ಲೀನ್ ಮಾಡಬೇಕು, ಹತ್ತಿ ತರ್ರಿ" ಎಂದ. ನಮ್ಮೂರಲ್ಲಿ ಹತ್ತಿಗೆ ಬರವೇ? ಹೆಂಡತಿ ಬತ್ತಿ ಹೊಸೆಯಲು ಇಟ್ಟುಕೊಂಡಿದ್ದ ಗಿರಣಿಯ ಹತ್ತಿಯನ್ನು ಬುಟ್ಟಿಯಲ್ಲೇ ತಂದೆ. ಎಳೆ ಎಳೆಯಾಗಿ ಬಿಚ್ಚಿಕೊಂಡ ಆ ಹತ್ತಿ ಒಳಗೆ ಸಿಕ್ಕಿಕೊಂಡು, ಎರಡನೆಯ ಸಲ ಗುಂಡಿ ಒತ್ತಿದಾಗ ನವಿಲುಗಳೂ ಬರಲಿಲ್ಲ. "ಮೊದ್ಲು ಅಷ್ಟಾದರೂ ಬಂದಿತ್ತು" ಎಂದು ಜನರೊಳಗಿಂದ ಯಾರೋ ಗೊಣಗಿದರು. ವೋಲ್ಟೇಜು ಕಡಿಮೆ ಎಂದು ಫ್ಯಾನು ನಿಲ್ಲಿಸಿದೆವು. ಗೆರೆಗಳ ಜೊತೆಗೆ ಬೆವರೂ ಬಂತು. ಬೀಗರಿಗೆ ಯಾವ ಮುಖ ತೋರಿಸಲಿ? ಹಾಳಾದದ್ದು ಬಸ್ಸಿನಲ್ಲೇ? ಶುಭಕಾರ್ಯದ ಕ್ಯಾಸೆಟ್ಟು ಹೀಗಾದರೆ ಶಾಂತಿ ಮಾಡಿಸಬೇಕೇ? ಯಾರನ್ನು ಕೇಳುವುದು?

"ಬಂತೇನ್ರೀ?" ಎಂದ ಮಾಳಿಗೆಯ ಮೇಲಿನ ನರಸಪ್ಪ.

"ಹೋಗಲಿ ಬಿಡೋ" ಎಂದಳು ಅಮ್ಮ. ಅವಳ ಮುಖ ಮಾತ್ರ ಹೋಗಲಿ ಎನ್ನುತ್ತಿರಲಿಲ್ಲ. ಪಕ್ಕದಲ್ಲಿದ್ದ ನನ್ನ ಹೆಂಡತಿಯನ್ನು ಕೇಳಿದಳು: "ಅಲ್ಲವಾ, ಅಕ್ಷತಿ ಏನರ ಜಾಸ್ತಿ ಆತೇನು?"

"ಯಾವ ಅಕ್ಷತಿ ಅತ್ತಿಯವರ?"

"ಅದೇ, ಅವತ್ತಿಂದು. ವಾರಿಜಾ, ಅಳಿಯಾ ಇದರಾಗ ಇದ್ದಾರ ಅಂತ ಇವನ ಹೇಳಿದ್ನಲ್ಲ. ಬಾಗಿಲಾ ತಗದು ಒಳಗ ಹಾಕಿದೆ. ಹಿರೇ ಮನುಷ್ಯಾಳು, ಆಶೀರ್ವಾದ ಮಾಡದ ಹ್ಯಾಂಗ ಇರ್ಲಿ?"

ಖಾಸಿಂ ಕ್ಯಾಸೆಟ್ಟನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಗಲಗಲ ಎಂದಿತು. ಬೋರಲು ಹಾಕಿ ತಟ್ಟಿದ. ಅರಿಶಿನದ ಅಕ್ಕಿಕಾಳು ಒಂದೊಂದಾಗಿ ಉದುರಿದವು. "ಕಾಲಿಗೆ ತಗಲೀತು, ತುಳೀಬ್ಯಾಡ್ರೇ" ಎಂದು ಹೆಂಗಸರು ಆರಿಸಿಕೊಂಡು ಕಣ್ಣಿಗೊತ್ತಿಕೊಂಡರು. ಜಪಾನಿನ ಮೆಷಿನ್ನಿನ ಹಲ್ಲಿನ ಸಂದಿಯಲ್ಲಿ ಸಿಕ್ಕಿದ್ದ ಕಾಳುಗಳನ್ನು, ನನ್ನ ಹತ್ತಿಯ ಎಳೆಗಳ ಸಮೇತ, ಖಾಸಿಂ ಚಿಮಟದಿಂದ ಹೆಕ್ಕಿ ಹೆಕ್ಕಿ ಬಲಗೈಯಿಂದ ಅಮ್ಮನ ಬಟ್ಟಲಿಗೆ ಹಾಕಿದ. "ಅವ್ವಾ, ಆಶೀರ್ವಾದ ಖರೇನ ಗಟ್ಟಿ ಐತಿ. ಮಿಷಿನ್ನೇ ನಿಂತೋಯ್ತು" ಎಂದ. ಅಮ್ಮ ಎಲ್ಲರಿಗಿಂತ ಮೊದಲು ನಕ್ಕಳು.

ಈ ಸಲ ಗುಂಡಿ ಒತ್ತಿದಾಗ ನವಿಲು, ಹೆಸರು, ವಾಲಗ ಎಲ್ಲ ತಿಳಿಯಾಗಿ ಬಂದವು. ಚಪ್ಪಾಳೆ ಕೇಳಿ ಮಾಳಿಗೆಯಿಂದ, "ನಾ ಹೇಳಿದ್ನಿಲ್ರೀ, ಆಂಟೆನಾದ್ದೇ ಕೆಲಸ!" ಎಂಬ ಜಯಘೋಷವಾಯಿತು. ವಾರಿಜಾ ತಲೆ ಬಗ್ಗಿಸಿ ಕೂತಿದ್ದಳು. ಅಮ್ಮ ಮಂಚದ ಮೇಲೆ ನೆಟ್ಟಗೆ ಕೂತು ಬಟ್ಟಲಿಗೆ ಕೈಹಾಕಿದಳು. ಖಾಸಿಂ ತಡಮಾಡದೆ ವಿಸಿಪಿಯ ಬಾಯಿಗೆ ತನ್ನ ಅಂಗೈ ಮುಚ್ಚಿದ. ಪುರೋಹಿತರು ತಾಳಿ ಎತ್ತಿ ಅಳಿಯನ ಕೈಗೆ ಕೊಟ್ಟರು. ಗಟ್ಟಿಮೇಳ ಎದ್ದಿತು. ಆಗ ಪರದೆಯ ಒಂದು ಮೂಲೆಯಿಂದ ಅಗಲವಾದ, ಬೆವರಿನಿಂದ ಒದ್ದೆಯಾದ ಒಂದು ಬೆನ್ನು ಬಂದು ಇಡೀ ಮದುವೆಯ ಮುಂದೆ ನಿಂತಿತು.

"ಯಾರದೇ ಇದು ಬೆನ್ನು?" ಎಂದಳು ಅಮ್ಮ.

"ಇನ್ಯಾರದು ಅತ್ತಿಯವರ, ನಿಮ್ಮ ಮಗಂದು."

ಆ ಗಳಿಗೆ ನನಗೆ ಚೆನ್ನಾಗಿ ನೆನಪಿದೆ. ಮಂಟಪದ ಪಕ್ಕದ ದೀಪ ಗಾಳಿಗೆ ಆರಿತೇನೋ ಎಂಬ ಚಿಂತೆಯಿಂದ ಬಗ್ಗಿ ನೋಡಿದ್ದೆ. ಅದು ಆರಿರಲಿಲ್ಲ.

"ಸರಿಯೋ ಅತ್ಲಾಗ!" ಎಂದು ಅಮ್ಮ ಪರದೆಗೆ ಗದರಿದಳು. ಟಿವಿಯಿಂದ ದೂರದಲ್ಲಿ ಕೂತಿದ್ದ ನಾನು ಗಾಬರಿಯಿಂದ ಪಕ್ಕಕ್ಕೆ ಸರಿದೆ. ಪರದೆಯ ಮೇಲಿದ್ದವನು ಸರಿಯಲಿಲ್ಲ. ಅವನು ಸರಿದಾಗ ತಾಳಿ ಕಟ್ಟಿಯಾಗಿತ್ತು. ಖಾಸಿಂ ಕ್ಯಾಸೆಟ್ಟನ್ನು ಹಿಂದಕ್ಕೆ ತಿರುಗಿಸಿದ. ಈ ಸಲವಾದರೂ ಅವನಿಗೆ ಬುದ್ಧಿ ಬಂದೀತೇನೋ ಎಂಬ ಆಸೆ ನನಗೂ ಇತ್ತು. ಬೆನ್ನು ಮತ್ತೆ ಅದೇ ಗಳಿಗೆಗೆ ಬಂತು. ಅಮ್ಮ ಇನ್ನು ಕಾಯಲಿಲ್ಲ. "ಹಾಳಾಗಿಹೋಗ್ಲಿ, ಇವನ ಹಿಂದೇ ಇದ್ದಾರಲ್ಲ ಕೂಸುಗಳು" ಎಂದು, ಅಷ್ಟು ದಿನ ಕಾದಿಟ್ಟ ಅಕ್ಷತೆಯನ್ನು ಮುಷ್ಟಿ ತುಂಬ ತೂರಿದಳು. ಅದು ಗಾಜಿಗೆ ಬಡಿದು, ನನ್ನ ಬೆನ್ನಿನ ಉದ್ದಕ್ಕೂ ಜಾರಿ, ಪಟಪಟನೆ ಉದುರಿತು. ಬೀಗರು ಮೀಸೆಯಡಿಯಲ್ಲಿ ನಕ್ಕಿದ್ದು ಯಾಕೆಂದು ನನಗೆ ಹೊಳೆದದ್ದು ಆಗ. ನಾನು ಎಲ್ಲರಿಗಿಂತ ಮುಂದೆಯೇ ಬಂದಿದ್ದೆ.